ಎಫ್.ಎನ್. ಸೋಜಾ: ಬಂಡಾಯ ಕಲಾವಿದ (ಕಲೆ ಮತ್ತು ಸಂಸ್ಕೃತಿ)

1. ಪೂರ್ಣ ಹೆಸರು: ಫ್ರಾನ್ಸಿಸ್ ನ್ಯೂಟನ್ ಸೋಜಾ. ಜನನ: 1924, ಗೋವಾದ ಸಾಲಿಗಾಂವ್ (ಆಗ ಪೋರ್ಚುಗೀಸ್ ಆಳ್ವಿಕೆ). ನಿಧನ: 2002, ಮುಂಬೈ.

2. ಕ್ವಿಟ್ ಇಂಡಿಯಾ ಚಳವಳಿಯ ನಂಟಿನಿಂದ ಮುಂಬೈನ ಸರ್ ಜೆ.ಜೆ. ಕಲಾಶಾಲೆಯಿಂದ ಉಚ್ಚಾಟನೆ. ಕೆಲಕಾಲ ಕಮ್ಯುನಿಸ್ಟ್ ಪಕ್ಷದಲ್ಲಿದ್ದು ಹೊರಬಂದರು.

3. 1947: ಮುಂಬೈನಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಸ್ಥಾಪನೆ. ಪರೀಕ್ಷೆಯಲ್ಲಿ ಬಹುತೇಕ ಪ್ರಶ್ನೆ ಬರುವುದು ಇಲ್ಲಿಂದಲೇ. ಸ್ಥಾಪಕರು ಆರು ಮಂದಿ: ಸೋಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ. ಇವರಲ್ಲಿ ಶಿಲ್ಪಿ ಬಾಕ್ರೆ ಒಬ್ಬರೇ. ಬಂಗಾಳ ಶೈಲಿಯ ಪುನರುಜ್ಜೀವನವಾದ, ಬ್ರಿಟಿಷ್ ಅಕಾಡೆಮಿಕ್ ಶೈಲಿ ಎರಡನ್ನೂ ತಿರಸ್ಕರಿಸಿದರು.

4. 1949: ಲಂಡನ್‌ಗೆ. 1955: ‘ಎನ್‌ಕೌಂಟರ್’ ಪತ್ರಿಕೆಯಲ್ಲಿ ಆತ್ಮಕಥನ ಪ್ರಬಂಧ, ಅದೇ ವರ್ಷ ಗ್ಯಾಲರಿ ಒನ್ ಪ್ರದರ್ಶನದಿಂದ ಹೆಸರು. 1967: ನ್ಯೂಯಾರ್ಕ್‌ಗೆ.

5. ಲಕ್ಷಣ: ದಪ್ಪ ಕಪ್ಪು ರೇಖೆ, ವಿಕೃತಗೊಳಿಸಿದ ಮುಖ, ನಗ್ನಚಿತ್ರ, ಕ್ರೈಸ್ತ ವಸ್ತು. ಕ್ಯಾಥೊಲಿಕ್ ಮನೆತನದವರಾದರೂ ಚರ್ಚ್ ಬಗ್ಗೆ ಭಕ್ತಿಗಿಂತ ಸಿಟ್ಟೇ ಹೆಚ್ಚು.

6. ಕೃತಿಗಳು: ‘ಬರ್ತ್’ (1955), ‘ಕ್ರೂಸಿಫಿಕ್ಷನ್’ (1959, ಟೇಟ್ ಸಂಗ್ರಹ), 1960ರ ದಶಕದ ಕಪ್ಪು ಚಿತ್ರಗಳು (ಕಪ್ಪಿನ ಮೇಲೆ ಕಪ್ಪು, ವಾರೆಯಾಗಿ ಬೆಳಕು ಬಿದ್ದರಷ್ಟೇ ಕಾಣುತ್ತವೆ).

ಗೊಂದಲ ಬೇಡ:
• ಕಲ್ಕತ್ತಾ ಗ್ರೂಪ್ 1943, ಮದ್ರಾಸಿನ ಪ್ರೋಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್ 1944 (ಕೆ.ಸಿ.ಎಸ್. ಪಣಿಕ್ಕರ್); ಮುಂಬೈ ಗುಂಪು 1947.
• ‘ಬಿಂದು’ ಚಿತ್ರಸರಣಿ ರಝಾ ಅವರದು, ಸೋಜಾರದಲ್ಲ.
• ಗಾಯ್ತೊಂಡೆ, ಕೃಷನ್ ಖನ್ನಾ ಮುಂಬೈ ಗುಂಪಿಗೆ ನಂತರ ಸೇರಿದವರು.
• ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಮುಂಬೈನಲ್ಲೇ ನೆಲೆಸಿದ್ದರೂ ಸ್ಥಾಪಕರ ಪಟ್ಟಿಯಲ್ಲಿಲ್ಲ.