ಕಾಫಿ ಸಸಿ: ಮಣ್ಣಿನ ಹುಳಿ ತಗ್ಗಲಿ, ಬೇರು ನೆಟ್ಟಗಿರಲಿ



ಮಲೆನಾಡಿನ ಜಡಿಮಳೆಗೆ ಮಣ್ಣಿನ ಸುಣ್ಣದಂಶ ಕೊಚ್ಚಿಹೋಗಿ ಮಣ್ಣು ಹುಳಿಯಾಗುತ್ತದೆ. ರಸಸಾರ 7 ಇದ್ದರೆ ಮಣ್ಣು ಸಮ. ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಕಾಫಿಗೆ 6ರಿಂದ 6.5 ಹಿತ. ಹುಳಿ ಮಿತಿಮೀರಿದರೆ ಬೇರು ಮೊಂಡಾಗುತ್ತದೆ, ಹಾಕಿದ ರಂಜಕದ ಗೊಬ್ಬರವೂ ಗಿಡಕ್ಕೆ ದಕ್ಕದು. ಆದುದರಿಂದ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಅಲ್ಲಿ ಹೇಳಿದಷ್ಟೇ ಕೃಷಿ ಸುಣ್ಣ ಹಾಕತಕ್ಕದ್ದು. ಸುಣ್ಣ, ಯೂರಿಯಾ ಎರಡನ್ನೂ ಒಟ್ಟಿಗೆ ಹಾಕಬಾರದು; ಸಾರಜನಕ ಗಾಳಿಪಾಲಾಗುತ್ತದೆ.

ಇನ್ನು ಸಸಿಯ ವಿಚಾರ. ನೆಡುವ ಮುನ್ನ ಚೀಲದ ತಳ ಕತ್ತರಿಸಿ ನೋಡಿರಿ. ತಾಯಿಬೇರಿನ ತುದಿ ಸುರುಳಿ ಸುತ್ತಿದ್ದರೆ ಅಷ್ಟನ್ನು ಹರಿತವಾದ ಕತ್ತರಿಯಿಂದ ತೆಗೆಯಿರಿ. ಡೊಂಕು ಬೇರಿನ ಗಿಡ ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ಬಿರುಬೇಸಿಗೆಯಲ್ಲಿ ಮೊದಲು ಸೊರಗುವುದೂ ಅದೇ. ನೆಟ್ಟ ಮೇಲೆ ಬೇರನ್ನು ತಿದ್ದಲಾಗದು.