ಮೂವತ್ತು ಗಣಕಯಂತ್ರಗಳು, ಲೆಕ್ಕಕ್ಕೆ ಒಂದೇ

ಸಂಸ್ಥೆಯೊಂದು ತನ್ನ ಗಣಕಯಂತ್ರಗಳಿಗೆಲ್ಲ ಒಟ್ಟಾಗಿ ವಿಂಡೋಸ್ ಪರವಾನಗಿಯನ್ನು ಪಡೆದಾಗ, ಪ್ರತಿಯೊಂದು ಯಂತ್ರವೂ ಆಕ್ಟಿವೇಷನ್ನಿಗಾಗಿ ಮೈಕ್ರೋಸಾಫ್ಟನ್ನು ಸಂಪರ್ಕಿಸಬೇಕಾಗಿಲ್ಲ. ಸಂಸ್ಥೆಯೊಳಗಿನ ಒಂದು ಯಂತ್ರಕ್ಕೆ ಆ ಹೊಣೆಯನ್ನು ವಹಿಸಬಹುದು. ಈ ಏರ್ಪಾಟಿಗೆ ಕೆ.ಎಂ.ಎಸ್. ಎಂದು ಹೆಸರು. ಆದರೆ ಕನಿಷ್ಠ 25 ಬೇರೆ ಬೇರೆ ಯಂತ್ರಗಳು ತನ್ನನ್ನು ಕೇಳುವವರೆಗೆ ಆ ಮುಖ್ಯಯಂತ್ರವು ಸಾಮಾನ್ಯ ಗಣಕಯಂತ್ರಗಳಿಗೆ ಒಪ್ಪಿಗೆ ನೀಡದು. ಸರ್ವರುಗಳಿಗೆ 5 ಸಾಕು.

30 ಹೊಸ ಯಂತ್ರಗಳನ್ನು ಜೋಡಿಸಿದ ಮೇಲೂ ಎಣಿಕೆ ಸಾಲದೆಂದು ಸೂಚಿಸುವ ಸಿ004ಎಫ್038 ಎಂಬ ದೋಷಸಂಖ್ಯೆ ಮೂಡಿದರೆ ಪರವಾನಗಿಯನ್ನೇ ಶಂಕಿಸುವುದು ಸಹಜ. ಹೊಸ ಕೀಲಿಗೆ ಹಣ ತೆರಲು ಹೊರಡುವುದಕ್ಕೆ ಮೊದಲು ಮುಖ್ಯಯಂತ್ರದ ಎಣಿಕೆಯನ್ನು ನೋಡುವುದು ಲೇಸು. ಎಸ್‌ಎಲ್‌ಎಂಜಿಆರ್ ಆಜ್ಞೆ ಅದನ್ನು ತೋರಿಸುತ್ತದೆ. ಎಣಿಕೆಯು 1ರಲ್ಲಿಯೇ ನಿಂತಿದ್ದರೆ, ಒಂದು ಯಂತ್ರದ ಡಿಸ್ಕನ್ನು ನಕಲು ಮಾಡಿ ಉಳಿದವುಗಳಿಗೆ ತುಂಬಿರುವ ಸಂಭವವೇ ಹೆಚ್ಚು. ಕೆಲಸ ಬೇಗ ಮುಗಿಯಿತು, ನಿಜ. ಆದರೆ ಯಂತ್ರದ ಗುರುತಿನ ಸಂಖ್ಯೆಯೂ ನಕಲಾಗಿರುವುದರಿಂದ ಮೂವತ್ತೂ ಯಂತ್ರಗಳು ಒಂದೇ ಹೆಸರಿನಲ್ಲಿ ಹಾಜರಿ ಹೇಳುತ್ತವೆ! ನಕಲಿಗೆ ಮುನ್ನ ಮೂಲಯಂತ್ರದಲ್ಲಿ ಸಿಸ್‌ಪ್ರೆಪ್ಪಿನ 'ಜನರಲೈಸ್' ಕ್ರಮವನ್ನು ನಡೆಸಿದ್ದರೆ ಈ ತೊಡಕಿರುತ್ತಿರಲಿಲ್ಲ. ಈಗಲಾದರೂ ಪ್ರತಿ ಯಂತ್ರದಲ್ಲಿ ಅದೇ ಆಜ್ಞೆಯನ್ನು 'ರೀಆರ್ಮ್' ಎಂಬ ಸೂಚನೆಯೊಡನೆ ನಡೆಸಿ ಮರುಚಾಲನೆ ಮಾಡಿದರೆ ಹೊಸ ಗುರುತು ದೊರೆಯುತ್ತದೆ.

ಸಿ004ಎಫ್074 ಎಂದು ಬಂದರೆ ಮಾತು ಬೇರೆ. ಅಲ್ಲಿ ಮುಖ್ಯಯಂತ್ರದ ಸಂಪರ್ಕವೇ ದೊರೆತಿಲ್ಲ. ಡಿಎನ್‌ಎಸ್ ದಾಖಲೆಯನ್ನೂ 1688ನೆಯ ಪೋರ್ಟನ್ನೂ ಪರೀಕ್ಷಿಸಬೇಕು. ಒಮ್ಮೆ ದೊರೆತ ಒಪ್ಪಿಗೆಯ ಅವಧಿ 180 ದಿನ. ಯಂತ್ರವು 7 ದಿನಕ್ಕೊಮ್ಮೆ ತಾನಾಗಿಯೇ ಅದನ್ನು ನವೀಕರಿಸಲು ಯತ್ನಿಸುತ್ತದೆ. ಆರು ತಿಂಗಳಿಗೂ ಮಿಕ್ಕಿ ಸಂಸ್ಥೆಯ ಜಾಲದಿಂದ ದೂರವಿದ್ದ ಲ್ಯಾಪ್‌ಟಾಪು ಒಪ್ಪಿಗೆಯನ್ನು ಕಳೆದುಕೊಳ್ಳುವುದು ಇದರಿಂದಲೇ.