ಹೊಸ ಮಾಲಿನ ದೋಷ ಯಾರ ಲೆಕ್ಕಕ್ಕೆ?

2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಯುವಕನೊಬ್ಬ, ಕೆಲವೇ ವಾರಗಳ ಹಿಂದೆ ಕೊಂಡ ಓಲಾ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿಯಾಗಲಿಲ್ಲವೆಂಬ ಸಿಟ್ಟಿಗೆ ಶೋರೂಮಿಗೇ ಬೆಂಕಿ ಹಚ್ಚಿ ಪೊಲೀಸರ ವಶವಾದ. ಹಣ ವಾಪಸ್ ಕೇಳುವ ಹಕ್ಕಿದ್ದ ಗ್ರಾಹಕನೊಬ್ಬ ಹೀಗೆ ಆರೋಪಿಯಾದದ್ದು ನೋವಿನ ಸಂಗತಿ. ಮರುತಿಂಗಳೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಎಲೆಕ್ಟ್ರಿಕ್ ಕಂಪನಿಗೆ ಶೋಕಾಸ್ ನೋಟಿಸ್ ಕೊಟ್ಟಿತು. ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಆ ಕಂಪನಿಯ ಮೇಲೆ ಬಂದ ದೂರುಗಳು 10,644. ಅವುಗಳಲ್ಲಿ ಶೇ. 99.1ರಷ್ಟನ್ನು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರಿಸಿತು. ಆ ಲೆಕ್ಕದ ಸರಿತಪ್ಪು ಏನೇ ಇರಲಿ, ಹೊಸ ತಂತ್ರಜ್ಞಾನದ ಮಾಲು ಕೊಂಡವರು ದೊಡ್ಡ ಸಂಖ್ಯೆಯಲ್ಲಿ ಅಲೆದಾಡಿದ್ದಾರೆ ಎಂಬುದಂತೂ ಆ ನೋಟಿಸ್‌ನಿಂದ ಬಯಲಾಯಿತು.

ಹೀಗೆ ಅಲೆಯುವವರಿಗೆ ಸರ್ವಿಸ್ ಸೆಂಟರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: "ಹೊಸ ಟೆಕ್ನಾಲಜಿ ಅಲ್ವಾ, ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತೆ." ಕಾನೂನಿನಲ್ಲಿ ಈ ಮಾತಿಗೆ ಬೆಲೆಯಿಲ್ಲ. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಕಲಂ 2(10)ರ ಪ್ರಕಾರ, ಕಾನೂನು ಅಥವಾ ಕರಾರಿನಂತೆ ಇರಬೇಕಾದ ಗುಣಮಟ್ಟದಲ್ಲಿ, ಇಲ್ಲವೇ ಮಾರುವವನೇ ಹೇಳಿಕೊಂಡ ಗುಣಮಟ್ಟದಲ್ಲಿ, ಯಾವ ಕೊರತೆ ಕಂಡರೂ ಅದು ದೋಷವೇ. ಮೊದಲ ಆವೃತ್ತಿಗೆ ಅಲ್ಲಿ ರಿಯಾಯಿತಿ ಕೊಟ್ಟಿಲ್ಲ. ಅಳತೆಗೋಲು ಕಂಪನಿಯದೇ ಮಾತು. 2021ರ ಆಗಸ್ಟ್ 15ರಂದು ಬಿಡುಗಡೆಯಾದ ಓಲಾ ಸ್ಕೂಟರಿನ ಕ್ರೂಸ್ ಕಂಟ್ರೋಲ್‌ನಂಥ ಸೌಲಭ್ಯಗಳು ಬಂದದ್ದು ಮರುವರ್ಷದ ಸಾಫ್ಟ್‌ವೇರ್‌ನಲ್ಲಿ. ಹಣ ಮಾತ್ರ ಮುಂಚೆಯೇ ಸಂದಿತ್ತು. ಇನ್ನೂ ಬಾರದ ಸೌಲಭ್ಯವನ್ನು ತೋರಿಸಿ ಪೂರ್ತಿ ಬೆಲೆ ಪಡೆದರೆ, ಆ ಮಾತಿಗೆ ಕಂಪನಿ ಬದ್ಧ.

ಹೊಸದೆಂದು ಗೊತ್ತಿದ್ದೇ ಕೊಂಡರಲ್ಲ, ಪ್ರತಿ ದೋಷಕ್ಕೂ ದಂಡ ತೆರುವುದಾದರೆ ಹೊಸದನ್ನು ತಯಾರಿಸುವ ಧೈರ್ಯ ಯಾರಿಗೆ ಬಂದೀತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಮಾಲು ಮಾರುಕಟ್ಟೆಗೆ ಬಂದಾಗಿನ ವಿಜ್ಞಾನಕ್ಕೆ ನಿಲುಕದಿದ್ದ ದೋಷ ಇದು ಎಂದು ತಯಾರಕರು ವಾದಿಸಲು ಯುರೋಪಿನ 1985ರ ಉತ್ಪನ್ನ ಹೊಣೆಗಾರಿಕೆ ನಿರ್ದೇಶನ ಅವಕಾಶ ಕೊಟ್ಟಿತ್ತು. ನಮ್ಮ ಸಂಸತ್ತು ಆ ದಾರಿ ಹಿಡಿಯಲಿಲ್ಲ. ಕಲಂ 87ರ ವಿನಾಯಿತಿಗಳಲ್ಲಿ ಗ್ರಾಹಕನ ದುರ್ಬಳಕೆ ಇದೆ, ಮಾಲನ್ನು ಮಾರ್ಪಡಿಸಿದ್ದು ಇದೆ, ಎಲ್ಲರಿಗೂ ಗೊತ್ತಿರುವ ಅಪಾಯ ಇದೆ. ಹೊಸ ತಂತ್ರಜ್ಞಾನ ಎಂಬುದಿಲ್ಲ. ವಾರಂಟಿ ಕೊಡುವಾಗ ತನ್ನ ಅಲಕ್ಷ್ಯವಾಗಲಿ ಮೋಸವಾಗಲಿ ಇರಲಿಲ್ಲವೆಂದು ತಯಾರಕ ಸಾಬೀತುಪಡಿಸಿದರೂ ಹೊಣೆ ತಪ್ಪದು ಎನ್ನುತ್ತದೆ ಕಲಂ 84(2). ಬ್ಯಾಟರಿ ಹೊತ್ತಿಕೊಂಡು ಮೈ ಸುಟ್ಟರೆ, ಮನೆ ಸುಟ್ಟರೆ ಅನ್ವಯಿಸುವುದು ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಈ ಅಧ್ಯಾಯ. ಸ್ಕೂಟರ್ ಮಾತ್ರ ಕೆಟ್ಟು ನಿಂತರೆ ದೋಷಯುಕ್ತ ಸರಕಿನ ಸಾಮಾನ್ಯ ದೂರು ಸಾಕು. ನ್ಯಾಯದ ದೃಷ್ಟಿಯಿಂದಲೂ ಇದೇ ಸರಿ ಎಂಬುದು ನನ್ನ ನಿಲುವು. ಕಂಪನಿ ತನ್ನ ನಷ್ಟವನ್ನು ಸಾವಿರಾರು ಗಾಡಿಗಳ ಮೇಲೆ ಹಂಚಿಕೊಳ್ಳಬಲ್ಲದು, ದಾವಣಗೆರೆ ಜಿಲ್ಲೆಯ ಮಾಯಕೊಂಡದ ಮೆಕ್ಕೆಜೋಳದ ಬೆಳೆಗಾರನಿಗೆ ಇರುವುದು ಒಂದೇ ಗಾಡಿ. 2022ರ ಏಪ್ರಿಲ್‌ನಲ್ಲಿ ಬೆಂಕಿ ಪ್ರಕರಣದ ನಂತರ ಓಲಾ 1,441 ಸ್ಕೂಟರುಗಳನ್ನು ತಪಾಸಣೆಗೆ ವಾಪಸ್ ಕರೆಸಿಕೊಂಡಿತು. ಹೊಣೆ ಹೊತ್ತ ಮಾತ್ರಕ್ಕೆ ಉದ್ಯಮ ನಿಲ್ಲಲಿಲ್ಲ.

ಅಂಥ ಬೆಳೆಗಾರ ಗಾಡಿ ಕೊಂಡ ಶೋರೂಮ್ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ, ಕಂಪನಿ ಬೆಂಗಳೂರಿನಲ್ಲಿ, ಷರತ್ತಿನ ಹಾಳೆಯಲ್ಲಿ "ವ್ಯಾಜ್ಯ ಬೆಂಗಳೂರು ನ್ಯಾಯಾಲಯಗಳಲ್ಲಿ ಮಾತ್ರ" ಎಂಬ ಸಾಲು. ಬಹುಪಾಲು ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಕೈಚೆಲ್ಲಬೇಕಿಲ್ಲ. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು ಕಲಂ 34(2)(ಡಿ) ಹೇಳುವುದರಿಂದ ಮಾಯಕೊಂಡ, ಹರಿಹರದವರಿಗೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಕರಾರಿನಲ್ಲಿ ಮಧ್ಯಸ್ಥಗಾರಿಕೆಯ ಷರತ್ತಿದ್ದರೂ ಗ್ರಾಹಕ ವೇದಿಕೆಯ ಬಾಗಿಲು ಮುಚ್ಚದು ಎಂಬುದನ್ನು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲೇ ಇತ್ಯರ್ಥಪಡಿಸಿದೆ. ಸ್ಕೂಟರಿನಲ್ಲಿ ಡೇರಿಗೆ ಹಾಲು ಹಾಕುವವರನ್ನು, ತರಕಾರಿ ಮಾರುವವರನ್ನು "ವಾಣಿಜ್ಯ ಬಳಕೆ" ಎಂದು ಹೊರಗಿಡಲೂ ಬರುವುದಿಲ್ಲ: ಹೊಟ್ಟೆಪಾಡಿನ ಸ್ವಯಂ ಉದ್ಯೋಗಕ್ಕಾಗಿಯೇ ಕೊಂಡವರೂ ಗ್ರಾಹಕರೇ.

ಪ್ರಕರಣ ನಿಲ್ಲುವುದು ಕಾಗದಪತ್ರದ ಮೇಲೆ. ಗಾಡಿ ಬಿಟ್ಟುಬರುವಾಗ ಪ್ರತಿ ಸಲವೂ ಜಾಬ್ ಕಾರ್ಡ್ ಕೇಳಿ ಪಡೆಯಬೇಕು, ಅದರಲ್ಲಿ ತೊಂದರೆ ಏನೆಂದು ನೀವು ಹೇಳಿದಂತೆಯೇ ಬರೆಸಬೇಕು. "ಜನರಲ್ ಚೆಕಪ್" ಎಂದು ಬರೆದ ಕಾರ್ಡಿನಿಂದ ಯಾವ ದೋಷವೂ ಸಾಬೀತಾಗದು. ಕೊಳ್ಳುವಾಗ ನೋಡಿದ ಜಾಹೀರಾತು, ಬ್ರೋಷರ್, ಅಪ್‌ಡೇಟ್‌ಗೆ ಮೊದಲು ಮತ್ತು ನಂತರ ಮೀಟರ್ ತೋರಿಸಿದ ಕಿಲೋಮೀಟರಿನ ಫೋಟೊ ಇವೆಲ್ಲವೂ ಇರಲಿ. ಒಂದು ಚಾರ್ಜಿಗೆ ಓಡುವ ದೂರದ ಜಗಳದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಪ್ರಯೋಗಾಲಯದಲ್ಲಿ ಪ್ರಮಾಣೀಕರಿಸಿದ ದೂರ ಬೇರೆ, ರಸ್ತೆಯ ಮೇಲಿನದು ಬೇರೆ ಎಂದು ಕಂಪನಿ ವಾದಿಸುತ್ತದೆ. ಜಾಹೀರಾತಿನಲ್ಲಿ ಯಾವ ಅಂಕಿಯನ್ನು ದೊಡ್ಡದಾಗಿ ತೋರಿಸಿತ್ತು ಎಂಬುದನ್ನು ನೀವು ಮುಂದಿಡಬೇಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಬಳಿಕ ತಯಾರಕ, ಡೀಲರ್ ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ದೂರಿನಲ್ಲೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವಿಲ್ಲ. ವಕೀಲರಿಲ್ಲದೆ ಖುದ್ದಾಗಿ ವಾದಿಸಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನಾಗಿ ಸಲ್ಲಿಸಬಹುದು. ತೊಂದರೆ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು. "ಮುಂದಿನ ಅಪ್‌ಡೇಟ್" ಕಾಯುತ್ತ ಕಳೆದ ತಿಂಗಳುಗಳೂ ಅದರಲ್ಲೇ ಸೇರಿಬಿಡುತ್ತವೆ.

ಇಷ್ಟೆಲ್ಲ ಮಾಡಿದರೂ ತೀರ್ಪು ಬರುವಷ್ಟರಲ್ಲಿ ಗಾಡಿಯೇ ಹಳೆಯದಾಗಿರುತ್ತದೆ ಎನ್ನುವವರಿದ್ದಾರೆ. ಎದುರುದಾರರ ಉತ್ತರಕ್ಕೆ ಕಾಯ್ದೆ ಕೊಡುವುದು 30 ದಿನ, ಹೆಚ್ಚೆಂದರೆ ಇನ್ನು 15. ಇತ್ಯರ್ಥಕ್ಕೆ ಮೂರು ತಿಂಗಳು, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು. ಈ ಗಡುವುಗಳು ಮೀರುವುದು ಅಪರೂಪವಲ್ಲ, ಅದು ವ್ಯವಸ್ಥೆಯ ನಿಜವಾದ ಕೊರತೆ. ಆದರೆ ಕೆಟ್ಟ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿಕೊಂಡು ಕಂತು ಕಟ್ಟುತ್ತ ಕೂತರೆ ಸಿಗುವುದಾದರೂ ಏನು? ದೋಷ ಸರಿಪಡಿಸಿ, ಬದಲಿ ಮಾಲು ಕೊಡಿ, ಬೆಲೆ ಹಿಂತಿರುಗಿಸಿ, ಪರಿಹಾರ ಕೊಡಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಕಂಪನಿ ಮೇಲ್ಮನವಿ ಹೋಗುವುದಾದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ರಾಜ್ಯ ಆಯೋಗದಲ್ಲಿ ಠೇವಣಿ ಇಡಬೇಕು. ಆದೇಶ ಪಾಲಿಸದಿದ್ದರೆ ಕಲಂ 72ರಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000 ರೂಪಾಯಿಯಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅರ್ಜಿ ಬರೆಯಲು ಬಾರದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ವರಮಾನದ ಪ್ರಶ್ನೆಯಿಲ್ಲದೆ ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದು.